ಮೂವತ್ತೆರಡಕ್ಕೆ ಐದು ದಿನ ಬಾಕಿ

ನಮ್ಮ ಕೆಂಕೆರೆಯಲ್ಲಿ ಟೆನಿಸ್ ಅಂದರೆ ಟೆನಿಸ್ ಬಾಲ್ ಕ್ರಿಕೆಟ್. ತೆಂಗಿನ ತೋಟದ ಪಕ್ಕದ ಬಯಲಲ್ಲಿ ಆಡಿ ಆಡಿ, ಚೆಂಡಿನ ಮೇಲಿನ ಜುಂಗು ಉದುರಿ ಬೋಳಾಗುವವರೆಗೂ ಅದೇ ಚೆಂಡು. ಅದನ್ನು ಅಸಲಿಗೆ ಯಾವ ಆಟಕ್ಕೆಂದು ಮಾಡಿದ್ದಾರೆ ಎಂದು ತಲೆಕೆಡಿಸಿಕೊಂಡವರು ನಮ್ಮಲ್ಲಿ ಕಡಿಮೆ. ನನ್ನ ಕಣ್ಣು ಟೆನಿಸ್ ಕಡೆ ಹೊರಳಿದ್ದು 2024ರ ಜನವರಿಯಲ್ಲಿ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಕೂಡ ಆದರು. ಮಂಡಿಯ ಮೃದ್ವಸ್ಥಿ ಸವೆದುಹೋಗಿ, ಅಯ್ಯಂಗಾರ್ ಯೋಗ ಮಾಡಿಕೊಂಡು ಆಡುತ್ತಿದ್ದ ಮನುಷ್ಯ!

ಆಮೇಲೆ ಹಾಸ್ಟೆಲ್‌ನಲ್ಲಿ ಇದೇ ವಿಷಯಕ್ಕೆ ಒಂದು ವಾದ ಬಿತ್ತು. ಡಬಲ್ಸ್ ಬಿಡು ಮಾರಾಯ, ಪಕ್ಕದಲ್ಲಿ ಜೊತೆಗಾರ ಇರ್ತಾನೆ. ಸಿಂಗಲ್ಸ್‌ನಲ್ಲಿ ಒಮ್ಮೆ ಇಳಿಜಾರು ಹಿಡಿದವನು ಮತ್ತೆ ತುದಿಗೆ ಹತ್ತೋದು ಸಾಧ್ಯವಾ ಎಂಬುದು ಒಬ್ಬ ಗೆಳೆಯನ ಪ್ರಶ್ನೆ. ಮೂರು ಸಬ್ಜೆಕ್ಟ್ ಉಳಿಸಿಕೊಂಡು ಕೂತಿದ್ದವನು ಅವನು. ಹಾಗಾಗಿ ಅವನು ಕೇಳುತ್ತಿದ್ದುದು ಬರೀ ಟೆನಿಸ್ ಬಗ್ಗೆ ಅಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಉತ್ತರ ಹುಡುಕುತ್ತಾ ಹೋದ ನನಗೆ ಸಿಕ್ಕಿದ್ದು ಆರ್ಥರ್ ಆ್ಯಶ್. ತೀರಿಕೊಂಡು ಮೂವತ್ತು ವರ್ಷ ದಾಟಿದೆ. ನ್ಯೂಯಾರ್ಕಿನಲ್ಲಿ ಅಮೆರಿಕನ್ ಓಪನ್ ನಡೆಯುವ ದೊಡ್ಡ ಕ್ರೀಡಾಂಗಣಕ್ಕೆ ಅವರದೇ ಹೆಸರು. ಟಿವಿಯಲ್ಲಿ ಆ ಹೆಸರು ಎಷ್ಟು ಸಲ ಕಂಡಿದ್ದರೂ ಅದೊಬ್ಬ ಮನುಷ್ಯನ ಹೆಸರು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಆ್ಯಶ್ ಹುಟ್ಟಿದ್ದು 1943ರ ಜುಲೈ 10ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ. ಆಗ ಅಲ್ಲಿ ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು ಶಾಲೆ. ಬಸ್ಸಿನಲ್ಲಿ ಬೇರೆ ಸೀಟು, ಉದ್ಯಾನಗಳೂ ಬೇರೆ. ತಂದೆ ಕರಿಯರಿಗೆಂದೇ ಮೀಸಲಾಗಿದ್ದ ಬ್ರೂಕ್ ಫೀಲ್ಡ್ ಎಂಬ ಆಟದ ಮೈದಾನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಮೈದಾನದ ಒಳಗೇ ಮನೆ. ಮನೆಯಿಂದ ಹೊರಗೆ ಕಾಲಿಟ್ಟರೆ ಟೆನಿಸ್ ಕೋರ್ಟ್. ಇಷ್ಟು ಹೇಳಿದರೆ ಅದೃಷ್ಟವಂತ ಅನ್ನಿಸಬಹುದು. ಆದರೆ ಆರು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ತಂದೆ ಬಿಗಿಯಾಗಿ ಬೆಳೆಸಿದರು. ಶಾಲೆಯಿಂದ ಮನೆಗೆ ಬರಲು ಎಷ್ಟು ನಿಮಿಷ ಬೇಕು ಎಂದು ಮಗನ ಜೊತೆ ತಾವೇ ನಡೆದು ಲೆಕ್ಕ ಹಾಕಿದ್ದರಂತೆ. ಪ್ರತಿದಿನ ಹುಡುಗ ಅಷ್ಟೇ ನಿಮಿಷದಲ್ಲಿ ಮನೆಯಲ್ಲಿರಬೇಕು. ನಮ್ಮ ಕಡೆಯ ಅಪ್ಪಂದಿರು ಇದನ್ನು ಓದಿದರೆ ತಲೆಯಾಡಿಸುತ್ತಾರೆ.

ಕಡ್ಡಿಯಂತಿದ್ದ ಈ ಹುಡುಗನ ಕೈಗೆ ರ‍್ಯಾಕೆಟ್ ಹಿಡಿಸಿದ್ದು ರಾನ್ ಚಾರಿಟಿ ಎಂಬ ಕಾಲೇಜು ವಿದ್ಯಾರ್ಥಿ. ಹತ್ತು ವರ್ಷವಾಗುವ ಹೊತ್ತಿಗೆ ಚಾರಿಟಿ ಅವನನ್ನು ಲಿಂಚ್‌ಬರ್ಗ್‌ನ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಬಳಿ ಕಳಿಸಿದರು. ಜಾನ್ಸನ್ ವೃತ್ತಿಯಿಂದ ವೈದ್ಯರು. ಬೇಸಿಗೆ ರಜೆಯಲ್ಲಿ ತಮ್ಮ ಮನೆಯ ಕೋರ್ಟಿನಲ್ಲಿ ಕಪ್ಪು ಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತಿದ್ದರು. 1957ರಲ್ಲಿ ವಿಂಬಲ್ಡನ್ ಗೆದ್ದ ಆಲ್ತಿಯಾ ಗಿಬ್ಸನ್ ಕೂಡ ಅವರ ಗರಡಿಯವರೇ. ಅವರ ನಿಯಮಗಳು ವಿಚಿತ್ರ. ಎದುರಾಳಿಯ ಚೆಂಡು ಗೆರೆಯಿಂದ ಎರಡು ಇಂಚು ಹೊರಗೆ ಬಿದ್ದರೂ ಒಳಗೆ ಬಿದ್ದಿತೆಂದೇ ಆಡಬೇಕು. ಅಂಪೈರ್ ಜೊತೆ ವಾದ ಮಾಡಕೂಡದು, ಮುಖ ಸಿಂಡರಿಸಕೂಡದು. ಬಿಳಿಯರ ಟೂರ್ನಿಯಲ್ಲಿ ಕರಿಯ ಹುಡುಗನನ್ನು ಹೊರಹಾಕಲು ನೆಪವೇ ಸಿಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ಓದುವಾಗ ನನಗೆ ಸಿಟ್ಟು ಬಂತು. ಅನ್ಯಾಯ ಮಾಡುವವರು ಒಬ್ಬರು, ಶಿಸ್ತು ಕಲಿಯಬೇಕಾದವರು ಇನ್ನೊಬ್ಬರು. ಆದರೆ ಆ ಶಿಸ್ತು ಮುಂದೆ ಬೇರೆಯೇ ಕಡೆ ಕೆಲಸಕ್ಕೆ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ರಿಚ್ಮಂಡ್‌ನ ಬರ್ಡ್ ಪಾರ್ಕ್‌ನಲ್ಲಿ ಒಳ್ಳೆಯ ಕೋರ್ಟುಗಳಿದ್ದವು. ಅಲ್ಲಿ ಟೂರ್ನಿ ಆಡಲು ಆ್ಯಶ್‌ಗೆ ಅವಕಾಶ ಇರಲಿಲ್ಲ, ಬಣ್ಣ ಕಪ್ಪು ಎಂಬುದೊಂದೇ ಕಾರಣ. ಚಳಿಗಾಲದ ಒಳಾಂಗಣ ಕೋರ್ಟುಗಳೂ ಅವನ ಪಾಲಿಗೆ ಮುಚ್ಚಿದ್ದವು. ಕೊನೆಗೆ ಪ್ರೌಢಶಾಲೆಯ ಕಡೆಯ ವರ್ಷ ಊರು ಬಿಟ್ಟು ಸೇಂಟ್ ಲೂಯಿಸ್‌ಗೆ ಹೋದ. ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿ 1966ರಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಪದವಿ ಪಡೆದ. ನಡುವೆ 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರನೂ ಆದ. ಪದವಿಯ ನಂತರ ಸೈನ್ಯ. ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯಲ್ಲಿ ಲೆಫ್ಟಿನೆಂಟ್ ಆ್ಯಶ್ ಅವರಿಗೆ ಸಿಕ್ಕಿದ್ದು ಡೇಟಾ ಪ್ರೊಸೆಸಿಂಗ್ ಕೆಲಸ. ಕಂಪ್ಯೂಟರ್ ಸೈನ್ಸ್ ಗೆಳೆಯರು ಗಮನಿಸಬೇಕು.

ಆ ಸೈನಿಕನ ಕೆಲಸದಲ್ಲಿದ್ದಾಗಲೇ, 1968ರಲ್ಲಿ, ಅವರು ಮೊತ್ತಮೊದಲ ಅಮೆರಿಕನ್ ಓಪನ್ ಗೆದ್ದರು. ಅದೇ ವರ್ಷ ಟೆನಿಸ್‌ನಲ್ಲಿ ವೃತ್ತಿಪರರು ಮತ್ತು ಹವ್ಯಾಸಿಗಳು ಒಟ್ಟಿಗೆ ಆಡುವ ಮುಕ್ತ ಯುಗ ಶುರುವಾಗಿತ್ತು. ಫೈನಲ್‌ನಲ್ಲಿ ಹಾಲೆಂಡಿನ ಟಾಮ್ ಓಕರ್ ವಿರುದ್ಧ ಐದು ಸೆಟ್, ಮೊದಲ ಸೆಟ್ಟೇ 14-12. ಡೇವಿಸ್ ಕಪ್ ಆಡುವ ಸಲುವಾಗಿ ಹವ್ಯಾಸಿಯಾಗಿಯೇ ಉಳಿದಿದ್ದ ಕಾರಣ 14,000 ಡಾಲರ್ ಬಹುಮಾನವನ್ನು ಮುಟ್ಟುವ ಹಾಗಿರಲಿಲ್ಲ. ಸೋತ ಓಕರ್ ಹಣ ತೆಗೆದುಕೊಂಡರು. ಗೆದ್ದ ಆ್ಯಶ್‌ಗೆ ಸಿಕ್ಕಿದ್ದು ದಿನದ ಖರ್ಚಿನ ಪುಡಿಗಾಸು. 1970ರಲ್ಲಿ ಆಸ್ಟ್ರೇಲಿಯನ್ ಓಪನ್ ಕೂಡ ಬಂತು. ಆಗ ವಯಸ್ಸು 26.

ಅಲ್ಲಿಂದ ಇಳಿಜಾರು. 1971ರಲ್ಲಿ ಆಸ್ಟ್ರೇಲಿಯಾ ಫೈನಲ್‌ನಲ್ಲಿ ಕೆನ್ ರೋಸ್‌ವಾಲ್‌ಗೆ ಸೋಲು. 1972ರ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಇಲಿ ನಾಸ್ತಾಸೆ ವಿರುದ್ಧ ಎರಡು ಸೆಟ್‌ಗೆ ಒಂದರಿಂದ ಮುಂದಿದ್ದೂ ಸೋಲು. ವಿಂಬಲ್ಡನ್‌ನಲ್ಲಂತೂ 1968 ಮತ್ತು 1969ರಲ್ಲಿ ಸೆಮಿಫೈನಲ್‌ಗೆ ಹೋಗಿ ಎರಡೂ ಸಲ ರಾಡ್ ಲೇವರ್‌ಗೆ ಶರಣು. ಅವರ ಆಟ ನೋಡಲು ಚಂದ: ಬಿರುಸಿನ ಸರ್ವ್, ತುಂಬು ಬೀಸಿನ ಬ್ಯಾಕ್‌ಹ್ಯಾಂಡ್, ಸಿಕ್ಕ ಚೆಂಡನ್ನೆಲ್ಲ ಒಂದೇ ಏಟಿಗೆ ಮುಗಿಸುವ ಆತುರ. ಹೊಡೆತ ಕೂತ ದಿನ ಯಾರೂ ತಡೆಯಲಾರರು, ಕೂರದ ದಿನ ಯಾರು ಬೇಕಾದರೂ ಸೋಲಿಸಬಹುದು. ದೊಡ್ಡ ಪಂದ್ಯಗಳಲ್ಲಿ ಕೂರದ ದಿನಗಳೇ ಹೆಚ್ಚಾದವು.

ಆದರೆ ಆ ವರ್ಷಗಳನ್ನು ಖಾಲಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಒಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗಡಗಡ ಅನ್ನುವ ತನಕ ಕಾಯಬೇಕು. ಆ್ಯಶ್ ಆ ಕಾಲದಲ್ಲಿ ಬೇರೆ ಬೇರೆ ಕೆಲಸ ಹಚ್ಚಿಕೊಂಡಿದ್ದರು. 1971ರಲ್ಲಿ ಆಫ್ರಿಕಾ ಪ್ರವಾಸ ಹೋದಾಗ ಕ್ಯಾಮರೂನಿನಲ್ಲಿ ಯಾನಿಕ್ ನೋವಾ ಎಂಬ ಪುಟ್ಟ ಹುಡುಗನ ಆಟ ನೋಡಿ, ಫ್ರಾನ್ಸಿನಲ್ಲಿ ಅವನಿಗೆ ತರಬೇತಿ ಸಿಗುವಂತೆ ಮಾಡಿದರು. ಆ ಹುಡುಗ 1983ರಲ್ಲಿ ಫ್ರೆಂಚ್ ಓಪನ್ ಗೆದ್ದ. 1972ರಲ್ಲಿ ವೃತ್ತಿಪರ ಆಟಗಾರರ ಸಂಘ ಎಟಿಪಿ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಆ್ಯಶ್ ಒಬ್ಬರು, ಮುಂದೆ ಅದರ ಅಧ್ಯಕ್ಷರೂ ಆದರು.

ದಕ್ಷಿಣ ಆಫ್ರಿಕಾ ವರ್ಣಭೇದದ ಕಾರಣಕ್ಕೆ ಅವರಿಗೆ ಮತ್ತೆ ಮತ್ತೆ ವೀಸಾ ನಿರಾಕರಿಸಿತ್ತು. 1973ರಲ್ಲಿ ಕೊಟ್ಟಾಗ ಹೋಗಿ ಆಡಿದರು. ಹೋದದ್ದು ಸರಿಯೇ ಎಂದು ಕಪ್ಪು ಜನರಲ್ಲೇ ಹಲವರು ಟೀಕಿಸಿದರು. ಮರುವರ್ಷ ಇದೇ ಪ್ರಶ್ನೆ ನಮ್ಮ ದೇಶದ ಮುಂದೆಯೂ ಬಂತು: ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ಭಾರತ ತಂಡ ಡೇವಿಸ್ ಕಪ್ ಫೈನಲ್ ತಲುಪಿತ್ತು, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ ಬಿಟ್ಟುಕೊಟ್ಟಿತು. ಆ್ಯಶ್ ಒಳಗೆ ಹೋಗಿ ನೋಡಿದರು, ಭಾರತ ಹೊರಗೇ ನಿಂತಿತು. ಯಾವುದು ಸರಿ ಎಂದು ತೀರ್ಪು ಕೊಡಲು ನನಗೆ ಧೈರ್ಯವಿಲ್ಲ.

ಜೋಹಾನ್ಸ್‌ಬರ್ಗ್‌ನ ಆ ಸಿಂಗಲ್ಸ್ ಫೈನಲ್‌ನಲ್ಲಿ ಆ್ಯಶ್ ಅವರನ್ನು ಸೋಲಿಸಿದ್ದು ಜಿಮ್ಮಿ ಕಾನರ್ಸ್. ಎಡಗೈ ಆಟಗಾರ, ಎರಡು ಕೈಯ ಬ್ಯಾಕ್‌ಹ್ಯಾಂಡ್, ಉಕ್ಕಿನ ರ‍್ಯಾಕೆಟ್. 1974ರಲ್ಲಿ ಆತ ಆಡಿದ್ದರಲ್ಲಿ ಗೆದ್ದದ್ದು 99 ಪಂದ್ಯ, ಸೋತದ್ದು ನಾಲ್ಕೇ ನಾಲ್ಕು. ಎಟಿಪಿ ಜೊತೆ ಕಾನರ್ಸ್‌ಗೆ ಜಗಳ. ಡೇವಿಸ್ ಕಪ್‌ನಲ್ಲಿ ದೇಶಕ್ಕಾಗಿ ಆಡುತ್ತಿಲ್ಲ ಎಂದು ಆ್ಯಶ್ ಆಕ್ಷೇಪಿಸಿದ್ದರು. 1975ರ ವಿಂಬಲ್ಡನ್ ಹೊಸ್ತಿಲಲ್ಲೇ ಕಾನರ್ಸ್ ಆ್ಯಶ್ ಮೇಲೆ ಲಕ್ಷಾಂತರ ಡಾಲರ್‌ಗಳ ಮಾನನಷ್ಟ ಮೊಕದ್ದಮೆ ಹೂಡಿದ ಸುದ್ದಿ ಬಂತು. ಕಥೆ ಕಟ್ಟಿದ ಹಾಗೆ, ಇಬ್ಬರೂ ಫೈನಲ್‌ಗೆ ಬಂದರು.

ಆ್ಯಶ್‌ಗೆ 6ನೇ ಶ್ರೇಯಾಂಕ. ಕ್ವಾರ್ಟರ್‌ಫೈನಲ್‌ನಲ್ಲಿ ಬ್ಯೋನ್ ಬೋರ್ಗ್, ಸೆಮಿಫೈನಲ್‌ನಲ್ಲಿ ಐದು ಸೆಟ್ ಕಾದಾಡಿ ಟೋನಿ ರೋಚ್ ಅವರನ್ನು ದಾಟಿ ಬಂದಿದ್ದರು. ಕಾನರ್ಸ್ ಮಾತ್ರ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಬಂದಿದ್ದ. ಅದಕ್ಕೂ ಮುಂಚೆ ಇಬ್ಬರೂ ಮುಖಾಮುಖಿಯಾದ ಮೂರೂ ಪಂದ್ಯ ಕಾನರ್ಸ್ ಪಾಲು. ಆ್ಯಶ್ ಮರ್ಯಾದೆಯಿಂದ ಸೋತರೆ ಸಾಕು ಎಂದುಕೊಂಡ ಗೆಳೆಯರೇ ಹೆಚ್ಚು.

ಇಲ್ಲಿಂದ ಮುಂದಿನದು ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗೆ ತುಂಬಾ ಇಷ್ಟವಾದ ಭಾಗ. ಸೆಮಿಫೈನಲ್‌ನಲ್ಲಿ ಕಾನರ್ಸ್ ಎದುರು ರಾಸ್ಕೋ ಟ್ಯಾನರ್ ಆಡಿದ್ದ. ಆ ಕಾಲದ ಅತಿ ವೇಗದ ಸರ್ವ್‌ಗಳಲ್ಲಿ ಟ್ಯಾನರನದೂ ಒಂದು. ಅವನು ಎಷ್ಟು ಜೋರಾಗಿ ಹೊಡೆದನೋ ಅದಕ್ಕಿಂತ ಜೋರಾಗಿ ಚೆಂಡು ವಾಪಸ್ ಬಂತು, ನೇರ ಸೆಟ್‌ಗಳಲ್ಲಿ ಸೋತ. ಕಾನರ್ಸ್ ಆಟದ ಗುಟ್ಟೇ ಅದು. ಎದುರಾಳಿ ಕೊಟ್ಟ ವೇಗವನ್ನೇ ಬಂಡವಾಳ ಮಾಡಿಕೊಂಡು ಬಡ್ಡಿ ಸಮೇತ ಹಿಂತಿರುಗಿಸುವುದು. ಹಾಗಾದರೆ ಬಂಡವಾಳವನ್ನೇ ಕೊಡದಿದ್ದರೆ? ಫೈನಲ್‌ನ ಹಿಂದಿನ ರಾತ್ರಿ ಲಂಡನ್ನಿನಲ್ಲಿ ಗೆಳೆಯರ ಜೊತೆ ಊಟಕ್ಕೆ ಕೂತು ಆ್ಯಶ್ ಇದನ್ನೇ ಲೆಕ್ಕ ಹಾಕಿದರು.

ಯೋಜನೆ ಹೀಗಿತ್ತು. ಬಲ ಅಂಕಣದಿಂದ ಸರ್ವ್ ಮಾಡುವಾಗ ಚೆಂಡಿಗೆ ಸ್ಲೈಸ್ ಕೊಟ್ಟು ಅಗಲಕ್ಕೆ ಹೊರಳಿಸುವುದು. ಎಡಗೈ ಆಟಗಾರನಿಗೆ ಅದು ಬ್ಯಾಕ್‌ಹ್ಯಾಂಡ್ ಕಡೆ ಬೀಳುತ್ತದೆ. ಎರಡು ಕೈಯಲ್ಲಿ ರ‍್ಯಾಕೆಟ್ ಹಿಡಿಯುವವನ ಚಾಚು ಕಡಿಮೆ, ಕೋರ್ಟಿನಿಂದ ಆಚೆಗೆ ಎಳೆದ ಹಾಗೆ ಆಗುತ್ತದೆ. ರ‍್ಯಾಲಿ ಶುರುವಾದರೆ ಕಾನರ್ಸ್‌ನ ಫೋರ್‌ಹ್ಯಾಂಡ್‌ಗೆ ವೇಗವಿಲ್ಲದ, ನೆಲಕ್ಕೆ ಅಂಟಿದಂತೆ ಬರುವ ಮೆತ್ತನೆಯ ಚೆಂಡು. ಬಲೆಯ ಹತ್ತಿರ ಬಂದರೆ ತಲೆ ಮೇಲಿನಿಂದ ಲಾಬ್. ಜೋರಾದ ಹೊಡೆತ ಬೇಡವೇ ಬೇಡ. ಆ್ಯಶ್ ಕೈಯಲ್ಲಿದ್ದದ್ದು ಮರದ ರ‍್ಯಾಕೆಟ್ ಅಲ್ಲ, ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್ ಪದರಗಳ ಕಾಂಪೋಸಿಟ್. ಆ ಕಾಲಕ್ಕೆ ಹೊಸ ಸಾಮಗ್ರಿ. ಹೊಸ ರ‍್ಯಾಕೆಟ್ಟಿನಲ್ಲಿ ಹಳೆಯ ಕಾಲದವರಂತೆ ನಿಧಾನವಾಗಿ ಆಡಲು ಹೊರಟಿದ್ದರು.

ಕೇಳಲು ಸುಲಭ. ಆದರೆ ಇಪ್ಪತ್ತು ವರ್ಷ ಬೀಸಿ ಹೊಡೆದೇ ಹೆಸರು ಮಾಡಿದವನು ಬದುಕಿನ ಅತಿ ದೊಡ್ಡ ಪಂದ್ಯದ ದಿನ ಆ ಹೊಡೆತವನ್ನು ಮನೆಯಲ್ಲಿಟ್ಟು ಹೋಗುವುದು ಎಂಥ ಕಷ್ಟ ಎಂದು ಯೋಚಿಸಿ. ಕೈ ಅಭ್ಯಾಸದ ಕಡೆಗೇ ಎಳೆಯುತ್ತದೆ. ಕೆರಳಬಾರದು, ಆಸೆಗೆ ಬೀಳಬಾರದು. ಡಾ. ಜಾನ್ಸನ್ ಅವರ ಕೋರ್ಟಿನಲ್ಲಿ ಕಲಿತ ಶಿಸ್ತು ಕೆಲಸಕ್ಕೆ ಬಂದದ್ದು ಇಲ್ಲಿ ಎಂದು ನನ್ನ ಊಹೆ.

1975ರ ಜುಲೈ 5, ಶನಿವಾರ. 32ನೇ ಹುಟ್ಟುಹಬ್ಬಕ್ಕೆ ಐದು ದಿನ ಬಾಕಿ. ಆ್ಯಶ್ ತಮ್ಮ ಡೇವಿಸ್ ಕಪ್ ಜಾಕೆಟ್ ತೊಟ್ಟು ಸೆಂಟರ್ ಕೋರ್ಟಿಗೆ ಬಂದರು. ಮೊಕದ್ದಮೆಗೆ ಅದೇ ಅವರ ಉತ್ತರವಾಗಿತ್ತು. ಮೊದಲ ಸೆಟ್ 6-1, ಎರಡನೆಯದೂ 6-1. ನೋಡುತ್ತಿದ್ದವರಿಗೆ ನಂಬಿಕೆಯೇ ಬರಲಿಲ್ಲ. ಕಾನರ್ಸ್ ಬೀಸಿದ ಚೆಂಡು ಬಲೆಗೆ ಬೀಳುತ್ತಿತ್ತು, ಇಲ್ಲವೇ ಗೆರೆ ದಾಟುತ್ತಿತ್ತು. ವಿರಾಮಗಳಲ್ಲಿ ಆ್ಯಶ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಅಲುಗಾಡದೆ ಕೂರುತ್ತಿದ್ದರು. ಮೂರನೇ ಸೆಟ್ ಕಾನರ್ಸ್ 7-5ರಲ್ಲಿ ಗೆದ್ದ. ನಾಲ್ಕನೆಯದರಲ್ಲಿ 3-0 ಮುನ್ನಡೆ. ಹಳೆಯ ಆ್ಯಶ್ ಆಗಿದ್ದರೆ ಇಲ್ಲಿ ಗಾಬರಿಬಿದ್ದು ಜೋರಾಗಿ ಹೊಡೆಯಲು ಶುರುಮಾಡುತ್ತಿದ್ದರೇನೋ. ಅವರು ಯೋಜನೆ ಬದಲಿಸಲಿಲ್ಲ. 6-4ಕ್ಕೆ ಪಂದ್ಯ ಮುಗಿಯಿತು. ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಕಪ್ಪು ಆಟಗಾರ ಇಂದಿಗೂ ಅವರೊಬ್ಬರೇ. ಕೆಲ ದಿನಗಳಲ್ಲೇ ಕಾನರ್ಸ್ ಮೊಕದ್ದಮೆ ಹಿಂಪಡೆದ. ಇನ್ನೊಂದು ತಮಾಷೆ ನೋಡಿ: ಇದೇ ಕಾನರ್ಸ್ 1991ರಲ್ಲಿ, 39ನೇ ವಯಸ್ಸಿನಲ್ಲಿ, ಅಮೆರಿಕನ್ ಓಪನ್ ಸೆಮಿಫೈನಲ್ ತಲುಪಿ ಜನರನ್ನು ಹುಚ್ಚೆಬ್ಬಿಸಿದ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಹಾಸ್ಟೆಲ್ ವಾದ ನಾನು ಗೆದ್ದ ಹಾಗೆ. ಆದರೆ ಬದುಕು ಅಲ್ಲಿಗೆ ನಿಲ್ಲಲಿಲ್ಲ.

1977ರ ಫೆಬ್ರುವರಿಯಲ್ಲಿ ಹಿಮ್ಮಡಿಗೆ ಶಸ್ತ್ರಚಿಕಿತ್ಸೆ. ಅದೇ ತಿಂಗಳು ಛಾಯಾಗ್ರಾಹಕಿ ಜೀನ್ ಮುಟುಸಮಿ ಜೊತೆ ಮದುವೆ, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡೇ. (ಮುಟುಸಮಿ ಅಂದರೆ ನಮ್ಮ ಮುತ್ತುಸ್ವಾಮಿಯೇ; ಆಕೆಯ ತಂದೆಯ ಕಡೆಯ ಹಿರಿಯರು ಕೆರೀಬಿಯನ್ ದ್ವೀಪವೊಂದರಲ್ಲಿ ನೆಲೆಸಿದ್ದ ತಮಿಳು ಮೂಲದವರು.) ರ‍್ಯಾಂಕಿಂಗ್ 257ಕ್ಕೆ ಜಾರಿತು. ಈ ಸಲ ನಿಜಕ್ಕೂ ಮುಗಿಯಿತು ಎಂದರು ಎಲ್ಲರೂ. ಮತ್ತೆ ಸಣ್ಣ ಸಣ್ಣ ಟೂರ್ನಿಗಳಿಂದ ಆರಂಭಿಸಿ, 35ನೇ ವಯಸ್ಸಿನಲ್ಲಿ 13ನೇ ಸ್ಥಾನದವರೆಗೆ ಏರಿದರು. 1979ರ ಜನವರಿಯಲ್ಲಿ ನ್ಯೂಯಾರ್ಕಿನ ಮಾಸ್ಟರ್ಸ್ ಫೈನಲ್‌ನಲ್ಲಿ 19 ವರ್ಷದ ಜಾನ್ ಮೆಕೆನ್ರೊ ವಿರುದ್ಧ ಎರಡು ಮ್ಯಾಚ್ ಪಾಯಿಂಟ್ ಕೈಯಲ್ಲಿತ್ತು. ಎರಡೂ ಜಾರಿದವು.

ನನಗೆ 1975ರ ಗೆಲುವಿಗಿಂತ ಈ ಸೋಲೇ ದೊಡ್ಡದಾಗಿ ಕಾಣುತ್ತದೆ. ಕಪ್ ಇಲ್ಲ, ದಾಖಲೆ ಇಲ್ಲ. ಆದರೆ 257ರಿಂದ ಆ ಎರಡು ಪಾಯಿಂಟ್‌ವರೆಗೆ ಬಂದದ್ದು ಸಣ್ಣ ದಾರಿಯಲ್ಲ.

ಅದೇ ವರ್ಷ ಜುಲೈ 31ರಂದು ಹೃದಯಾಘಾತ. ವಯಸ್ಸು 36, ದೇಹ ಕಡ್ಡಿಯಂತೆ ಸಪೂರ. ಮನೆತನದಲ್ಲೇ ಹೃದ್ರೋಗವಿತ್ತು. ಡಿಸೆಂಬರ್‌ನಲ್ಲಿ ಬೈಪಾಸ್ ಆಯಿತು. ಆಗಲೂ ಮರಳುವ ಆಸೆ ಬಿಟ್ಟಿರಲಿಲ್ಲ. 1980ರ ಮಾರ್ಚ್‌ನಲ್ಲಿ ಈಜಿಪ್ಟಿನ ಕೈರೋದಲ್ಲಿ ಓಡುತ್ತಿದ್ದಾಗ ಎದೆನೋವು ಮತ್ತೆ ಬಂತು. ತಿಂಗಳೊಳಗೆ ನಿವೃತ್ತಿ ಘೋಷಿಸಿದರು. ಆಟ ಬದಲಿಸಿಕೊಂಡು ಕಾನರ್ಸ್‌ನನ್ನು ಸೋಲಿಸಬಹುದು, ಹಿಮ್ಮಡಿ ವಾಸಿಯಾಗುವ ತನಕ ಕಾಯಬಹುದು. ಇದಕ್ಕೆ ಯೋಜನೆ ಇರಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿ ನೋಡೋಣ ಎನ್ನದೆ ನಿಲ್ಲಿಸಿದ್ದಕ್ಕೂ ಗಟ್ಟಿ ಮನಸ್ಸು ಬೇಕು. ಇದನ್ನು ಹೇಳಿದಾಗ ನನ್ನ ಗೆಳೆಯ ಒಪ್ಪಲಿಲ್ಲ, ಇರಲಿ.

ಆಮೇಲಿನ ಹದಿಮೂರು ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಡೇವಿಸ್ ಕಪ್ ತಂಡದ ನಾಯಕರಾಗಿ 1981 ಮತ್ತು 1982ರಲ್ಲಿ ಕಪ್ ಗೆಲ್ಲಿಸಿದರು. 1985ರಲ್ಲಿ ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಎದುರು ಪ್ರತಿಭಟಿಸಿ ಬಂಧನಕ್ಕೊಳಗಾದರು. ಅಮೆರಿಕದ ಕಪ್ಪು ಕ್ರೀಡಾಪಟುಗಳ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದರು, 1988ರಲ್ಲಿ ಅದು ಹೊರಬಂತು. ಅದೇ ವರ್ಷ ಮಿದುಳಿನ ಶಸ್ತ್ರಚಿಕಿತ್ಸೆಯಾದಾಗ ಎಚ್‌ಐವಿ ಇರುವುದು ತಿಳಿಯಿತು. 1983ರಲ್ಲಿ ಎರಡನೇ ಬೈಪಾಸ್ ವೇಳೆ ಕೊಟ್ಟ ರಕ್ತದಿಂದ ಅದು ಬಂದಿತ್ತು. ರಕ್ತವನ್ನು ಎಚ್‌ಐವಿ ಪರೀಕ್ಷೆಗೆ ಒಳಪಡಿಸುವ ಪದ್ಧತಿ ಆಗಿನ್ನೂ ಇರಲಿಲ್ಲ. ಪುಟ್ಟ ಮಗಳು ಕ್ಯಾಮೆರಾಳ ಸಲುವಾಗಿ ವಿಷಯವನ್ನು ಮನೆಯೊಳಗೇ ಇಟ್ಟುಕೊಂಡಿದ್ದರು. ಪತ್ರಿಕೆಯೊಂದು ಸುದ್ದಿಯ ಬೆನ್ನು ಹತ್ತಿದಾಗ, 1992ರ ಏಪ್ರಿಲ್ 8ರಂದು ತಾವೇ ಪತ್ರಕರ್ತರ ಮುಂದೆ ಕೂತು ಹೇಳಿದರು. ಮಗಳ ಹೆಸರು ಬಂದಾಗ ಮಾತು ನಿಂತಿತು. ಹೆಂಡತಿ ಮುಂದುವರಿಸಿ ಓದಿದರು. ಉಳಿದ ಹತ್ತು ತಿಂಗಳಲ್ಲಿ ಏಡ್ಸ್ ವಿರುದ್ಧದ ಕೆಲಸಕ್ಕೆ ಪ್ರತಿಷ್ಠಾನ ಕಟ್ಟಿದರು, ವಿಶ್ವಸಂಸ್ಥೆಯಲ್ಲಿ ಮಾತಾಡಿದರು, ಹೈಟಿಯ ನಿರಾಶ್ರಿತರ ಪರವಾಗಿ ಶ್ವೇತಭವನದ ಮುಂದೆ ನಿಂತು ಇನ್ನೊಮ್ಮೆ ಬಂಧನವಾದರು, ಆತ್ಮಕಥೆ ಮುಗಿಸಿದರು. 1993ರ ಫೆಬ್ರುವರಿ 6ರಂದು ತೀರಿಕೊಂಡಾಗ ವಯಸ್ಸು 49.

ರಿಚ್ಮಂಡ್‌ನಲ್ಲಿ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಅದಕ್ಕೂ ಮುನ್ನ ದೇಹವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟಿದ್ದು ವರ್ಜೀನಿಯಾ ಗವರ್ನರ್ ಅವರ ನಿವಾಸದಲ್ಲಿ. ಹಾಗೆ ಆ ಮನೆಯಲ್ಲಿ ಹಿಂದೆ ಇಡಲಾಗಿದ್ದ ದೇಹ, 1863ರಲ್ಲಿ, ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೇನೆಯ ಜನರಲ್ ಸ್ಟೋನ್‌ವಾಲ್ ಜಾಕ್ಸನ್‌ರದು. 1996ರಲ್ಲಿ ನಗರದ ಮಾನ್ಯುಮೆಂಟ್ ಅವೆನ್ಯೂನಲ್ಲಿ, ಅಂಥ ಜನರಲ್‌ಗಳ ಪ್ರತಿಮೆಗಳ ಸಾಲಿನಲ್ಲೇ, ಆ್ಯಶ್ ಪ್ರತಿಮೆ ಎದ್ದಿತು: ಸುತ್ತ ಮಕ್ಕಳು, ಒಂದು ಕೈಯಲ್ಲಿ ರ‍್ಯಾಕೆಟ್, ಇನ್ನೊಂದರಲ್ಲಿ ಪುಸ್ತಕ. ಪುಸ್ತಕ ಹಿಡಿದ ಕೈ ಮೇಲಿದೆ. 2020ರ ನಂತರ ಆ ಬೀದಿಯ ಜನರಲ್‌ಗಳೆಲ್ಲ ಒಬ್ಬೊಬ್ಬರಾಗಿ ಇಳಿದರು, ಆ್ಯಶ್ ಅಲ್ಲೇ ಇದ್ದಾರೆ.

2019ರಲ್ಲಿ ನಗರದ ದೊಡ್ಡ ರಸ್ತೆಯೊಂದಕ್ಕೆ ಅವರ ಹೆಸರಿಟ್ಟರು. ನಕ್ಷೆಯಲ್ಲಿ ಆ ರಸ್ತೆಯನ್ನು ಬೆರಳಿಟ್ಟು ದಕ್ಷಿಣಕ್ಕೆ ಹಿಂಬಾಲಿಸಿ ನೋಡಿದೆ. ಅದು ಹೋಗಿ ನಿಲ್ಲುವುದು ಬರ್ಡ್ ಪಾರ್ಕ್ ಬಾಗಿಲಲ್ಲಿ.